ರಾಜಗಡದಿಂದ ರಾಯಗಡಕ್ಕೆ ನಡೆದು ಹೋಗುವವರಿಗೆ

ಪುಣೆಯಲ್ಲಿ ಚಾರಣದ ರುಚಿ ಹತ್ತಿದವರು ಒಂದಲ್ಲ ಒಂದು ದಿನ ರಾಜಗಡ-ತೋರಣಾ ಕೋಟೆಗಳ ಚಾರಣ ಮಾಡೇ ಮಾಡುತ್ತಾರೆ. ಶನಿವಾರ ರಾತ್ರಿ ಹೊರಟರೆ ಭಾನುವಾರ ರಾತ್ರಿ ಮನೆ. ಆದರೆ ತೋರಣಾದಿಂದ ಬುಡದ ಊರು ವೇಲ್ಹೆಗೆ ಇಳಿಯದೆ, ಪಶ್ಚಿಮಕ್ಕೆ ತಿರುಗಿ, ಘಟ್ಟದ ಅಂಚಿನ ಮೋಹರಿ ಊರು ಸೇರಿ, ಅಲ್ಲಿಂದ ಸಿಂಗಾಪುರ ನಾಳ ಅನ್ನುವ ಕೊರಕಲಿನಲ್ಲಿ ಕೊಂಕಣಕ್ಕೆ ಇಳಿದು ರಾಯಗಡ ಕೋಟೆ ಮುಟ್ಟುವವರು ಕಡಿಮೆ. ನಾವು ನಾಲ್ಕು ಜನ ಜನವರಿಯಲ್ಲಿ ಹೋಗಿ ಬಂದೆವು. ಬೆಳಗಾವಿಯವನೊಬ್ಬ, ಧಾರವಾಡದವರಿಬ್ಬರು, ಚನ್ನಗಿರಿ ಕಡೆಯವನು ನಾನು. ಮೂರು ದಿನ ನಡಿಗೆ, ನಾಲ್ಕನೇ ದಿನ ಬೆಳಿಗ್ಗೆ ರಾಯಗಡ. ನೀವೂ ಹೋಗುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಕೇಳಿ: ಈ ದಾರಿಯಲ್ಲಿ ಕಾಲಿನ ಕಸುವಿಗಿಂತ ನೀರಿನ ಲೆಕ್ಕ ಜಾಸ್ತಿ ಮುಖ್ಯ.

ಸ್ವಂತ ಗಾಡಿ ತರಬೇಡಿ. ಶುರು ಆಗುವುದು ಪುಣೆ ಜಿಲ್ಲೆಯಲ್ಲಿ, ಮುಗಿಯುವುದು ಘಟ್ಟದ ಕೆಳಗೆ ಮಹಾಡ್ ಕಡೆ. ಸಾತಾರಾ ರಸ್ತೆಯಲ್ಲಿ ನಸರಾಪುರ ಫಾಟಾ ಹತ್ತಿರ ಬಲಕ್ಕೆ ತಿರುಗಿದರೆ ಗುಂಜವಣೆ, ರಾಜಗಡದ ಬುಡದ ಊರು. ಪುಣೆಯ ಸ್ವಾರಗೇಟ್‌ನಿಂದ ವೇಲ್ಹೆ ಕಡೆಗೆ ಎಸ್‌ಟಿ ಬಸ್ಸು ಇದೆ, ಆದರೆ ಕಡಿಮೆ. ನಾವು ಜೀಪು ಮಾಡಿಕೊಂಡು ರಾತ್ರಿಯೇ ಹೋಗಿ, ಊರಲ್ಲಿ ಒಬ್ಬರ ಮನೆ ಜಗುಲಿಯಲ್ಲಿ ಮಲಗಿದೆವು.

ಬೆಳಿಗ್ಗೆ ನಾಲ್ಕೂವರೆಗೆ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಟೆವು. ಚೋರ್ ದರವಾಜಾ ದಾರಿ ಕಡಿದು, ಕೊನೆಯಲ್ಲಿ ಕಂಬಿ ಹಿಡಿದು ಹತ್ತಬೇಕು. ಬಾಗಿಲು ತುಂಬಾ ಚಿಕ್ಕದು. ಬೆನ್ನ ಮೇಲೆ ದೊಡ್ಡ ಚೀಲ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ. ಚೀಲ ಇಳಿಸಿ, ಮುಂದೆ ಹೋದವರ ಕೈಗೆ ಕೊಟ್ಟು ಆಮೇಲೆ ನೀವು ನುಸುಳಿ. ಬಗ್ಗಿ ಒಳಗೆ ಹೋಗಿ ತಲೆ ಎತ್ತಿದರೆ ಎದುರಿಗೇ ಪದ್ಮಾವತಿ ಕೆರೆ. ರಾಯಗಡಕ್ಕೆ ಹೋಗುವ ಮುಂಚೆ ಶಿವಾಜಿ ಮಹಾರಾಜರ ರಾಜಧಾನಿ ಇದೇ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ರಾಜಗಡವೂ ಇದೆ, ರಾಯಗಡವೂ ಇದೆ. ನೋಡುವುದಕ್ಕೆ ಇಡೀ ದಿನ ಬೇಕು. ಈ ನಡಿಗೆಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ರಾಜಗಡಕ್ಕೆ ಇನ್ನೊಮ್ಮೆ ಬನ್ನಿ, ಇವತ್ತು ಹತ್ತು ಗಂಟೆಯೊಳಗೆ ಸಂಜೀವನಿ ಮಾಚಿ ಬಿಡಿ. ಮಾಚಿ ಅಂದರೆ ಶಿಖರದ ಕೆಳಗೆ ಚಾಚಿಕೊಂಡ, ಕೋಟೆ ಗೋಡೆ ಕಟ್ಟಿದ ಹಂತ.

ಆಳೂ ದರವಾಜಾದಿಂದ ಇಳಿದರೆ ಎರಡು ಕೋಟೆಗಳ ನಡುವಿನ ಏಣು. ಮಧ್ಯೆ ಒಂದು ರಸ್ತೆ ಅಡ್ಡ ಬರುತ್ತದೆ. ದಾರಿಯಲ್ಲಿ ಒಂದೆರಡು ಮನೆ ಸಿಗುತ್ತವೆ, ಮಜ್ಜಿಗೆ, ಲಿಂಬು ಸರಬತ್ತು ಕೊಡುತ್ತಾರೆ. ಇಲ್ಲಿ ಬಾಟಲಿ ತುಂಬಿಸಿಕೊಳ್ಳಿ, ಅರ್ಧ ಇದ್ದರೂ ತುಂಬಿಸಿಕೊಳ್ಳಿ. ಮುಂದೆ ತೋರಣಾದ ಏರು ಮಧ್ಯಾಹ್ನದ ಬಿಸಿಲಿಗೆ ಬರುತ್ತದೆ, ನೆರಳಿಲ್ಲ. ಒಣ ಹುಲ್ಲಿನ ಮೇಲೆ, ಸಡಿಲ ಮಣ್ಣಿನ ಮೇಲೆ ಕಾಲು ಜಾರುತ್ತದೆ. ಇಲ್ಲಿಯವರು ಅದಕ್ಕೆ ಘಸಾರಾ ಅನ್ನುತ್ತಾರೆ. ಕೊನೆಗೆ ಕಬ್ಬಿಣದ ಏಣಿ ಹತ್ತಿದರೆ ಬುಧಲಾ ಮಾಚಿ. ಅಲ್ಲಿ ಬೋರಲು ಹಾಕಿದ ಎಣ್ಣೆ ಪಾತ್ರೆಯ ಹಾಗೆ ಒಂದು ಬಂಡೆ ನಿಂತಿದೆ. "ನಮ್ಮ ಅಜ್ಜಿ ಬುದ್ದಲಿ ಅಂತಿದ್ದಳಲ್ಲ, ಅದೇ ಇದು" ಅಂದ ಬೆಳಗಾವಿಯವನು.

ತೋರಣಾ 1,403 ಮೀಟರ್, ಪುಣೆ ಜಿಲ್ಲೆಯ ಅತಿ ಎತ್ತರದ ಕೋಟೆ. ಊರಲ್ಲಿ ಮೊದಲೇ ಕೇಳಿಕೊಂಡು ರಾತ್ರಿ ಮೇಂಗಾಯಿ ದೇವಿ ಗುಡಿಯಲ್ಲಿ ಉಳಿದೆವು. ಕೋಟೆಯ ಮೇಲೆ ರಾತ್ರಿ ಉಳಿಯುವ ನಿಯಮ ಆಗಾಗ ಬದಲಾಗುತ್ತದೆ, ಕೇಳದೆ ಹೋಗಬೇಡಿ. ಬೆಂಕಿ ಹಾಕಬೇಡಿ, ಸೆಂಟು ಹೊಡೆದುಕೊಳ್ಳಬೇಡಿ. ಕಡಿಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ.

ಊಟದ ವಿಷಯದಲ್ಲಿ ನಾವು ಉತ್ತರ ಕರ್ನಾಟಕದವರ ಮಾತು ಕೇಳಿದ್ದು ಒಳ್ಳೆಯದಾಯಿತು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಬೆಲ್ಲ. ಭಾರ ಇಲ್ಲ, ಕೆಡುವುದಿಲ್ಲ, ಒಲೆ ಬೇಡ. ಒಲೆ ಇಲ್ಲ ಅಂದರೆ ಅಡುಗೆಗೆ ನೀರೂ ಬೇಡ, ಅದೇ ದೊಡ್ಡ ಉಳಿತಾಯ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಪುಡಿಪುಡಿ ಆಗುತ್ತದೆ.

ಎರಡನೇ ದಿನವೇ ಈ ಪ್ರವಾಸದ ಜೀವ. ಬುಧಲಾ ಮಾಚಿಯಿಂದ ಪಶ್ಚಿಮಕ್ಕೆ ಇಳಿದು, ಹಾರಪುಡ್ ಕಡೆಯಿಂದ ಮೋಹರಿಗೆ. ಇಲ್ಲಿಂದ ಮುಂದೆ ಬೇರೆ ಚಾರಣಿಗರು ಒಬ್ಬರೂ ಸಿಗಲಿಲ್ಲ. ಮೊಬೈಲ್ ಸಿಗ್ನಲ್ ಕೂಡ ಕಣಿವೆಗೆ ಇಳಿದ ಮೇಲೆ ಹೋಯಿತು. ಮೊದಲೇ ಇಳಿಸಿಕೊಂಡ ಮ್ಯಾಪ್ ಇತ್ತು. ಅದರ ಭರವಸೆಯಲ್ಲಿ ಒಂದು ಕವಲಿನಲ್ಲಿ ಕೆಳಗಿನ ದಾರಿ ಹಿಡಿದೆವು. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಅದು ಎರಡಾಯಿತು, ನಾಲ್ಕಾಯಿತು, ಕಾರ್ವಿ ಪೊದೆಯೊಳಗೆ ಹೊಕ್ಕಿತು. ಸುಮ್ನೆ ಮುಂದೆ ಹೋಗುತ್ತಲೇ ಇದ್ದೆವು. ದನಗಳು ತುಳಿದ ದಾರಿ ಅಂತ ಗೊತ್ತಾಗುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ತಲಾ ಮೂರು ಲೀಟರ್ ನೀರು ತಂದಿದ್ದೆವು. ನಾಲ್ವರ ಹತ್ತಿರ ಸೇರಿ ಒಂದು ಬಾಟಲಿ ಉಳಿದಿತ್ತು. ಧಾರವಾಡದವರಲ್ಲಿ ಒಬ್ಬನಿಗೆ ಮೀನಖಂಡ ಹಿಡಿದುಕೊಂಡಿತು, ಕೂತುಬಿಟ್ಟ. ನನಗೆ ನಿಜವಾಗಿ ಭಯವಾಯಿತು.

ವಾಪಸ್ ಹತ್ತುತ್ತಿದ್ದಾಗ ಬಳೆ ಸದ್ದು ಕೇಳಿಸಿತು. ತಲೆ ಮೇಲೆ ಒಂದರ ಮೇಲೊಂದು ಎರಡು ಹಂಡೆ ಇಟ್ಟುಕೊಂಡು ಒಬ್ಬ ಹೆಂಗಸು ಬರುತ್ತಿದ್ದರು. "ಮಾವಶಿ, ಮೋಹರಿಚಿ ವಾಟ್?" ಅಂತ ಗೆಳೆಯ ಕೇಳಿದ. ಅವರು ನಮ್ಮ ಮುಖ ನೋಡಿದರು, ಉತ್ತರ ಕೊಡಲಿಲ್ಲ. ಮೊದಲು ಮೇಲಿನ ಹಂಡೆ ಇಳಿಸಿದರು. ಸೆರಗಿನ ತುದಿಯನ್ನು ಅದರ ಬಾಯಿಗೆ ಹಿಡಿದು, ಸೋಸಿಕೊಂಡು ನಮ್ಮ ಬಾಟಲಿಗೆ ನಿಧಾನವಾಗಿ ಸುರಿದರು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಆ ನೀರಿಗೆ ಅವರು ಎಷ್ಟು ದೂರ ಹೋಗಿದ್ದರೋ. ದುಡ್ಡು ಕೊಡಲು ಹೋದರೆ ಕೈ ಹಿಂದೆ ತೆಗೆದರು. ಆಮೇಲೆ ಗುಡ್ಡದ ಮೇಲ್ಗಡೆ ಬೆರಳು ತೋರಿಸಿ, "ವಾಟ್ ಖಾಲೀ ನಾಹಿ ಬಾಳಾ, ವರ್ ಆಹೇ" ಅಂದರು. ದಾರಿ ಕೆಳಗಿಲ್ಲ ಮಗಾ, ಮೇಲಿದೆ.

ಅವರ ಹಿಂದೆ ಸ್ವಲ್ಪ ದೂರ ನಡೆದಾಗ ಒಂದು ಗುಟ್ಟು ಗೊತ್ತಾಯಿತು. ಊರಿಂದ ಊರಿಗೆ ಜನ ಹೊರೆ ಹೊತ್ತು ಹೋಗುವ ದಾರಿಯಲ್ಲಿ ಕೊಂಬೆಗಳು ತಲೆಗಿಂತ ಒಂದು ಮೊಳ ಮೇಲೆಯೇ ಕಡಿದಿರುತ್ತವೆ. ದನದ ದಾರಿ ನೆಲದಲ್ಲಿ ಚೆನ್ನಾಗಿ ಸವೆದಿದ್ದರೂ ಮೇಲೆ ಮುಚ್ಚಿರುತ್ತದೆ. ಬಗ್ಗಿ ನಡೆಯಬೇಕಾಗಿ ಬಂತೋ, ನಿಂತುಬಿಡಿ, ವಾಪಸ್ ಹೋಗಿ. ಆಮೇಲೆ ನಾವು ಮ್ಯಾಪಿಗಿಂತ ಇದನ್ನೇ ನಂಬಿದೆವು, ಮತ್ತೆ ತಪ್ಪಲಿಲ್ಲ. ನೀರು ತಲಾ ಐದು ಲೀಟರ್ ಇರಲಿ. ಭಾರ ಅನ್ನಿಸುತ್ತದೆ, ಹೊತ್ತುಕೊಳ್ಳಿ. ಚೀಲದಿಂದ ಬೇರೆ ಏನಾದರೂ ತೆಗೆಯಿರಿ.

ಮೋಹರಿ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಚೀಲ ಇಟ್ಟವರೇ ಘಟ್ಟದ ಅಂಚಿನ ಬಯಲು ರಾಯಲಿಂಗ್ ಪಠಾರಕ್ಕೆ ಓಡಿದೆವು. ನೆಲ ಅಲ್ಲಿಗೆ ಕಡಿದುಹೋಗುತ್ತದೆ. ಎದುರಿಗೆ ಲಿಂಗಾಣಾ ಕೋಟೆಯ ಮೊನೆ, ಅದರ ಹಿಂದೆ ರಾಯಗಡ, ಕೆಳಗೆ ಕೊಂಕಣದ ಮಬ್ಬು. ಅಲ್ಲಿ ಮಾತಾಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಉಳಿದುಕೊಂಡ ಮನೆಯಲ್ಲಿ ಬಿಸಿ ರಾಗಿ ಭಾಕರಿ, ಕಡಲೆಹಿಟ್ಟಿನ ಪಿಠಲ, ಅನ್ನ. ಘಟ್ಟದ ಮೇಲೆ ರಾಗಿ ಸಿಕ್ಕಿದ್ದು ನನಗಂತೂ ಊರಿಗೆ ಹೋದ ಹಾಗಾಯಿತು. ಊಟಕ್ಕೆ, ಉಳಿಯುವುದಕ್ಕೆ ಎಷ್ಟು ಅಂತ ಬಂದ ಕೂಡಲೇ ಕೇಳಿ. ನಗದು ಇಟ್ಟುಕೊಳ್ಳಿ, ಚಿಲ್ಲರೆ ನೋಟು ಇರಲಿ.

ಮೂರನೇ ದಿನಕ್ಕೆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಇದರಲ್ಲಿ ಉಳಿತಾಯ ಮಾಡಬೇಡಿ. ಕೆಳಗಿಳಿಯಲು ಎರಡು ನಾಳ ಇವೆ. ನಾಳ ಅಂದರೆ ಮಳೆಗಾಲದಲ್ಲಿ ನೀರು ಧುಮುಕುವ ಕೊರಕಲು, ಬೇಸಿಗೆಯಲ್ಲಿ ಅದೇ ದಾರಿ. ಬೋರಾಟ್ಯಾಚಿ ನಾಳ ಲಿಂಗಾಣಾದ ಬುಡಕ್ಕೇ ಹೋಗುತ್ತದೆ. ದೊಡ್ಡ ಬಂಡೆಗಳು, ಕಡಿದಾದ ಇಳಿಜಾರು. ಬೆನ್ನ ಮೇಲೆ ಭಾರ ಇರುವವರು ಸಿಂಗಾಪುರ ನಾಳ ಆರಿಸಿಕೊಳ್ಳಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬೇಡಿ. ಕಲ್ಲು ಜಾರಿದರೆ "ದಗಡ್!" ಅಂತ ಜೋರಾಗಿ ಕೂಗಿ, ಮರಾಠಿಯವರಿಗೂ ತಿಳಿಯುತ್ತದೆ. ಮಂಡಿ ನೋವಿರುವವರಿಗೆ ಕೋಲು ಬೇಕೇ ಬೇಕು.

ಕೆಳಗೆ ಸಿಗುವ ಊರು ದಾಪೋಲಿ. ರತ್ನಾಗಿರಿ ಜಿಲ್ಲೆಯ ದೊಡ್ಡ ದಾಪೋಲಿ ಬೇರೆ, ಇದು ಪುಟ್ಟ ಹಳ್ಳಿ. ಜೀಪಿನವರಿಗೆ ಫೋನ್ ಮಾಡುವಾಗ ಇದನ್ನು ಬಿಡಿಸಿ ಹೇಳಿ. ಅಲ್ಲಿಂದ ನಾವು ಗಾಡಿ ಮಾಡಿಕೊಂಡು ರಾಯಗಡದ ಬುಡದ ಪಾಚಾಡ್‌ಗೆ ಹೋಗಿ ಮಲಗಿದೆವು. ಬೆಳಿಗ್ಗೆ ಚೀಲಗಳನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ರಾಯಗಡ ನೋಡಿದೆವು. ಕಾಲು ಸೋತಿದ್ದರೆ ರೋಪ್‌ವೇ ಇದೆ, ಸಂಕೋಚ ಬೇಡ.

ಹೋಗುವುದು ನವೆಂಬರಿಂದ ಫೆಬ್ರುವರಿ ಒಳಗೆ. ಮಳೆಗಾಲದಲ್ಲಿ ನಾಳದ ಹೆಸರೆತ್ತಬೇಡಿ. ಫೆಬ್ರುವರಿ ಕಳೆದರೆ ನೀರು ಸಿಗುವುದು ಕಷ್ಟ. ಮುಂಬೈ ಕಡೆಯವರಿಗೆ ವಾಪಸಾತಿ ಸುಲಭ, ಮಹಾಡ್ ಇರುವುದು ಮುಂಬೈ-ಗೋವಾ ಹೆದ್ದಾರಿಯಲ್ಲೇ. ಪುಣೆಯವರು ಮಾಣಗಾವ್ ಮೇಲೆ ತಾಮ್ಹಿಣಿ ಘಾಟ್ ಹತ್ತಿ ಬರಬಹುದು.

ಪಾಚಾಡ್‌ನಲ್ಲಿ ಮಹಾಡ್ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಜೀಜಾಬಾಯಿಯವರ ಸಮಾಧಿ ನೋಡಿ ಬನ್ನಿ. ಮಗನ ಪಟ್ಟಾಭಿಷೇಕ ಆಗಿದ್ದು 1674ರ ಜೂನ್ 6ಕ್ಕೆ. ಅದಾಗಿ ಎರಡು ವಾರ ತುಂಬುವ ಮೊದಲೇ ಅವರು ತೀರಿಕೊಂಡರು. ಗಂಡ ಶಹಾಜಿ ಅದಕ್ಕೂ ಹತ್ತು ವರ್ಷ ಮೊದಲು, 1664ರಲ್ಲಿ, ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ತೀರಿಕೊಂಡಿದ್ದರು. ಅವರ ಸಮಾಧಿ ಅಲ್ಲೇ ಇದೆ. ಚಿಕ್ಕಂದಿನಲ್ಲಿ ಅದರ ಪಕ್ಕದಲ್ಲಿ ಎಷ್ಟು ಸಲ ಸೈಕಲ್ ಹೊಡೆದಿದ್ದೇನೋ. ಬೆಳಗಾವಿಯ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊದಿಗೆರೆಗೆ ಯಾವಾಗ ಕರ್ಕೊಂಡು ಹೋಗ್ತೀಯಾ?" ಅಂದ. ಅಷ್ಟರಲ್ಲಿ ಬಸ್ಸು ಬಂತು.