ಬಣ್ಣ ನಾವೇ ಕೊಟ್ಟಿದ್ದು, ಆದರೆ ಸುಳ್ಳಲ್ಲ

"ಇದೆಲ್ಲ ಕಂಪ್ಯೂಟರಲ್ಲಿ ಬಣ್ಣ ತುಂಬಿದ್ದು ಅಲ್ವಾ?"

ನನ್ನ ಫೋನಿನಲ್ಲಿ ಜೀವಕೋಶದ ವಿಡಿಯೋ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಹೌದು, ನಾವೇ ಕೊಟ್ಟ ಬಣ್ಣ. ಮೈಕ್ರೋಸ್ಕೋಪಿನ ಕ್ಯಾಮೆರಾ ಹೇಳುವುದು ಎಲ್ಲಿ ಎಷ್ಟು ಬೆಳಕು ಬಿತ್ತು ಅಂತ ಮಾತ್ರ. ಒಂದು ಮದುವೆಮನೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಇಷ್ಟು ಕೇಳಿಸಿಕೊಂಡು, "ಹಂಗಾದ್ರೆ ಸುಳ್ಳು ಅನ್ನಮ್ಮಾ" ಎಂದು ಎಲೆ ಮಡಚಿ ಎದ್ದೇಬಿಟ್ಟರು. ನನಗೆ ಇನ್ನೂ ಸಿಟ್ಟಿದೆ. ಸುಳ್ಳಲ್ಲ.

ಆ ವಿಡಿಯೋದಲ್ಲಿದ್ದದ್ದು ಕ್ಯಾಲ್ಸಿಯಂ. ಸುಮ್ಮನಿರುವ ಕೋಶದ ಒಳಗೆ ಬಿಡಿ ಕ್ಯಾಲ್ಸಿಯಂ ತೀರಾ ಕಡಿಮೆ, ಹೊರಗೆ ಅದರ ಸುಮಾರು 10,000 ಪಟ್ಟು. ಯಾವ ಲೆನ್ಸಿಗೂ ಅದು ನೇರವಾಗಿ ಕಾಣುವುದಿಲ್ಲ. ಅದಕ್ಕೇ ಫ್ಯೂರಾ-2 ಎಂಬ ಡೈ ಬೇಕು, ಅಂದರೆ ಕ್ಯಾಲ್ಸಿಯಂ ಹಿಡಿಯುವ, ಬೆಳಕು ಬಿಟ್ಟರೆ ಹೊಳೆಯುವ ರಾಸಾಯನಿಕ. ಜೀವರಸಾಯನ ವಿಜ್ಞಾನಿ ರೋಜರ್ ಚೆನ್ ಅವರ ತಂಡ 1985ರಲ್ಲಿ ಪ್ರಕಟಿಸಿದ್ದು. 340 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿಟ್ಟರೆ, ಕ್ಯಾಲ್ಸಿಯಂ ಹಿಡಿದ ಡೈ ಜಾಸ್ತಿ ಹೊಳೆಯುತ್ತದೆ. 380ರಲ್ಲಿ ಅದೇ ಡೈ ಮಂಕಾಗುತ್ತದೆ. 340ರ ಹೊಳಪನ್ನು 380ರ ಹೊಳಪಿನಿಂದ ಭಾಗಿಸುತ್ತೇವೆ. ಕೋಶ ಎಲ್ಲಿ ದಪ್ಪ, ಡೈ ಎಲ್ಲಿ ಜಾಸ್ತಿ ಸೇರಿದೆ ಅನ್ನುವ ಗೊಂದಲ ಬಹುಪಾಲು ಹೊಡೆದುಹೋಗುತ್ತದೆ. ಉಳಿದ ಸಂಖ್ಯೆ ದೊಡ್ಡದಾದಷ್ಟೂ ಕ್ಯಾಲ್ಸಿಯಂ ಜಾಸ್ತಿ. ಚಿಕ್ಕದಾದರೆ ನೀಲಿ, ದೊಡ್ಡದಾದರೆ ಕೆಂಪು. ನೀಲಿ-ಕೆಂಪು ನಮ್ಮ ಆಯ್ಕೆ. ಸಂಖ್ಯೆ ಕೋಶದ್ದು.

ಹೀಲಾ ಕೋಶಗಳಿರುವ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳು) ತಟ್ಟೆಗೆ ಸ್ವಲ್ಪ ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ಮೈಯಲ್ಲಿ ಬಿಡುಗಡೆಯಾಗುವ ರಾಸಾಯನಿಕ, ಹಾಕಿ ನೋಡಬೇಕು. ಕೆಲವೇ ಸೆಕೆಂಡಿನಲ್ಲಿ ಕೋಶದ ಒಂದು ಅಂಚು ಕೆಂಪಾಗುತ್ತದೆ. ಅಲ್ಲಿಂದ ಇನ್ನೊಂದು ಅಂಚಿಗೆ ಹರಿಯುತ್ತದೆ, ಆರುತ್ತದೆ, ಮತ್ತೆ ಏಳುತ್ತದೆ. ಪಕ್ಕದ ಕೋಶದ ಲಯವೇ ಬೇರೆ. ಕೋಶಗಳನ್ನೆಲ್ಲ ಅರೆದು ಅಳೆದರೆ ಇದು ಸಿಗುವುದೇ ಇಲ್ಲ, ಸಿಗುವುದು ಬರೀ ಸರಾಸರಿ. ಇದನ್ನು ಎಷ್ಟು ನೋಡಿದರೂ ನನಗೆ ಬೇಸರವಾಗಿಲ್ಲ.

ಸಂಶಯಪಡಬೇಡಿ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಕಡೆ ಸಂಶಯಪಡಿ. "ನೀವು ಹೀಗೆ ನೋಡೋದ್ರಿಂದ ಕೋಶಕ್ಕೆ ಏನೂ ಆಗಲ್ವಾ?" ಅಂತ ಯಾರಾದರೂ ಕೇಳಿದ್ದರೆ ಕೂರಿಸಿಕೊಂಡು ಮಾತಾಡುತ್ತಿದ್ದೆ.

ಆಗುತ್ತದೆ. 340 ಅಂದರೆ ನೇರಳಾತೀತ ಬೆಳಕು. ಜಾಸ್ತಿ ಬಿದ್ದರೆ ಕೋಶದ ಪೊರೆಯ ಮೇಲೆ ಗುಳ್ಳೆಗಳೇಳುತ್ತವೆ, ಕೋಶ ಸಾಯುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಡೈ ಮಾಡುವ ಕೆಡುಕು ಕಾಣುವುದಿಲ್ಲ. ಕ್ಯಾಲ್ಸಿಯಂ ಹಿಡಿಯುವುದೇ ಅದರ ಕೆಲಸ ಅಲ್ವಾ? ಡೈ ಹೆಚ್ಚಾದರೆ ಕೋಶಕ್ಕೆ ಬೇಕಾದ ಕ್ಯಾಲ್ಸಿಯಮ್ಮನ್ನೂ ಅದೇ ಹಿಡಿದಿಟ್ಟುಕೊಳ್ಳುತ್ತದೆ. ಅಲೆ ತಗ್ಗುತ್ತದೆ, ನಿಧಾನವಾಗುತ್ತದೆ. ಚಿತ್ರ ಮಾತ್ರ ಇನ್ನೂ ಚೆನ್ನಾಗಿ ಹೊಳೆಯುತ್ತದೆ! ಸುಳ್ಳು ನುಸುಳುವುದು ಇಲ್ಲಿ. ಅದಕ್ಕೇ ಚಿತ್ರ ತೆಗೆಯುವ ಕ್ಷಣಕ್ಕಷ್ಟೇ ಬೆಳಕು ಬಿಡುತ್ತೇವೆ. ಡೈ ಅರ್ಧಕ್ಕಿಳಿಸಿ ಇನ್ನೊಂದು ತಟ್ಟೆಯಲ್ಲಿ ಮತ್ತೆ ಅಳೆಯುತ್ತೇವೆ. ಅಲೆಯ ಆಕಾರ ಬದಲಾಯಿತೋ, ಮೊದಲಿನ ಚಿತ್ರ ಎಷ್ಟೇ ಚೆಂದವಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.