ಕುಟ್ಟಣಿಯವರು ಹಾಕಿಕೊಟ್ಟ ಪಂದ್ಯ

ಕೊಡಗಿನ ಶಾಲೆಯಲ್ಲಿ ಓದಿದವರಿಗೆ ಬೇಸಿಗೆ ರಜೆಯ ನೆನಪು ಬರೆಯಿರಿ ಎಂದರೆ ಕೌಟುಂಬಿಕ ಹಾಕಿಯನ್ನು, ಅಂದರೆ ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಪಂದ್ಯಾವಳಿಯನ್ನು, ಬಿಟ್ಟು ಬರೆಯಲಾಗದು. ಅದನ್ನು 1997ರಲ್ಲಿ ಕಕ್ಕಬ್ಬೆ ಬಳಿಯ ಕರಡ ಗ್ರಾಮದಲ್ಲಿ ಶುರು ಮಾಡಿದವರು ಪಾಂಡಂಡ ಕುಟ್ಟಪ್ಪ, ಊರವರ ಬಾಯಲ್ಲಿ ಕುಟ್ಟಣಿ. ಹಾಕಿ ಆಡಿದವರು, ತೀರ್ಪುಗಾರರಾಗಿದ್ದವರು, ಬ್ಯಾಂಕ್ ನೌಕರಿಯಿಂದ ನಿವೃತ್ತರಾದವರು. ಮೊದಲ ವರ್ಷ ಬಂದದ್ದು 60 ತಂಡ.

ಅವರ ಜಾಣತನವೆಲ್ಲ ಕಟ್ಟುಪಾಡಿನಲ್ಲಿದೆ. ತಂಡವೆಂದರೆ ಕ್ಲಬ್ ಅಲ್ಲ, ಒಕ್ಕ, ಅಂದರೆ ಒಂದು ಮನೆತನ. ಹನ್ನೊಂದು ಜನರನ್ನು ಮನೆತನದೊಳಗೇ ಹೊಂದಿಸಬೇಕು. ಹಾಗಾಗಿ ಅಜ್ಜ, ಮೊಮ್ಮಗ, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ. ಮದುವೆಯಾದವಳು ತವರಿನ ಪರ ಆಡಬಹುದು, ಇಲ್ಲವೇ ಗಂಡನ ಒಕ್ಕದ ಪರ. ವರ್ಷಕ್ಕೊಂದು ಒಕ್ಕ ಹೊಣೆ ಹೊರುತ್ತದೆ, ಕಪ್ಪಿಗೆ ಅದರದೇ ಹೆಸರು. ಖರ್ಚು, ಓಡಾಟ ಒಬ್ಬರ ತಲೆಗೇ ಕಟ್ಟಿಕೊಳ್ಳುವುದಿಲ್ಲ. ಕುಟ್ಟಣಿ 2020ರಲ್ಲಿ ತೀರಿಕೊಂಡ ಮೇಲೂ ಪಂದ್ಯಾವಳಿ ಉಳಿದುಕೊಳ್ಳಲು ಇದೇ ಕಾರಣ.

ಇಂಥ ತಂಡ ಕಟ್ಟುವಾಗ ಹಲವರು ಎಡವುವುದು ಹಿರಿಯರನ್ನು ನಿಲ್ಲಿಸುವ ಜಾಗದಲ್ಲಿ. ಗೌರವಕ್ಕೆಂದು ಬ್ಯಾಕ್‌ನಲ್ಲಿ, ಅಂದರೆ ಹಿಂದೆ ರಕ್ಷಣೆಗೆ, ನಿಲ್ಲಿಸಿದರೆ ಅವರನ್ನು ದಾಟಿದ ಚೆಂಡು ನೇರ ಗೋಲಿಗೆ. ಮುಂದೆ, ಎದುರಾಳಿ ಗೋಲಿನ ಸುತ್ತ ಎಳೆದ ‘ಡಿ’ ಆಕಾರದ ಗೆರೆಯ ಅಂಚಿನಲ್ಲಿ ನಿಲ್ಲಿಸಿ. ಓಟ ಕಮ್ಮಿ, ಕೈಚಳಕ ಉಳಿದಿದ್ದರೆ ಸಾಕು. ಕಾಲಿನ ಬಲವಿರುವ ಹುಡುಗರು ನಡುವೆ ಇರಲಿ.

2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. ಸೋತ ತಂಡ ಹೊರಬೀಳುವ ನಾಕೌಟ್ ಆದ್ದರಿಂದ 359 ಪಂದ್ಯಗಳಲ್ಲಿ ಮುಗಿಯುವ ಲೆಕ್ಕ ಅದು. ನಾಲ್ಕು ತಂಡಕ್ಕೊಂದು ಗುಂಪು ಮಾಡಿ, ಗುಂಪಿನಲ್ಲಿ ಎಲ್ಲರಿಗೂ ಎಲ್ಲರೊಡನೆ ಲೀಗ್ ಆಡಿಸಿದ್ದರೆ ಗುಂಪಿನ ಹಂತಕ್ಕೇ 540 ಪಂದ್ಯ ಬೇಕಿತ್ತು, ಅಷ್ಟರಲ್ಲಿ ಮಳೆಗಾಲವೇ ಬಂದುಬಿಡುತ್ತಿತ್ತು! ಅರ್ಧಕ್ಕರ್ಧ ತಂಡಗಳು ಒಂದು ಗೆಲುವೂ ಕಾಣದೆ ಮನೆಗೆ ಹೋಗುತ್ತವೆ, ನಿಜ. ಮುಂದಿನ ವರ್ಷ ಮತ್ತೆ ಹೆಸರು ಕೊಡುತ್ತವೆ.

ಮೈದಾನ ಮಾತ್ರ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಪೆನಾಲ್ಟಿ ಕಾರ್ನರ್ ಹೊಡೆದು ಹೊಡೆದು ಡಿ ಒಳಗೆ ಕೆಂಪು ಮಣ್ಣು ಕಿತ್ತು ಗುಂಡಿ ಬೀಳುತ್ತದೆ. ಅಲ್ಲಿ ಬಿದ್ದ ಚೆಂಡು ಪುಟಿದು ಮೊಣಕಾಲಿಗೆ. ಒಣ ಮಣ್ಣು ಸುರಿದರೆ ಎರಡನೇ ಪಂದ್ಯಕ್ಕೇ ಎದ್ದುಹೋಗುತ್ತದೆ. ಗುಂಡಿಯನ್ನು ಕೆರೆದು, ನೀರು ಚಿಮುಕಿಸಿ, ಜರಡಿ ಹಿಡಿದ ಮಣ್ಣನ್ನು ತೆಳುವಾಗಿ ಪದರ ಪದರ ತುಂಬಿ ದಮ್ಮಸ್ಸು ಮಾಡಬೇಕು. ಹಿಡಿ ಮಣ್ಣು ಹಿಸುಕಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು, ಆಗಲೇ ರೋಲರ್. ಅಂಟುವಾಗ ಎಳೆದರೆ ರೋಲರೇ ಮೇಲ್ಪದರವನ್ನು ಸುಲಿದುಕೊಂಡು ಹೋಗುತ್ತದೆ. ಏಪ್ರಿಲ್ ಮಳೆಗೆ ಸುಣ್ಣದ ಗೆರೆ ಅಳಿಸುವುದು ಮಾಮೂಲು, ಮತ್ತೆ ಎಳೆಯಲು ಡಿಯ 14.63 ಮೀಟರ್ ಅಳತೆಯ ಹಗ್ಗವನ್ನು ಕೈಗೆಟುಕುವಂತೆ ಇಟ್ಟುಕೊಂಡಿರಬೇಕು.

2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡ. ಹಿಗ್ಗುವ ಸಂಗತಿಯೇ. ಆದರೆ ಕರಡದಂಥ ಸಣ್ಣ ಊರಿಗೆ ಇಷ್ಟು ತಂಡಗಳನ್ನು ಕರೆಸಿ ಆಡಿಸುವುದು ಇನ್ನು ಕಷ್ಟ. ಮೊದಲ ಸುತ್ತುಗಳನ್ನಾದರೂ ಊರೂರಿನ ಶಾಲಾ ಮೈದಾನಗಳಿಗೆ ಹಂಚಬಹುದು ಎಂಬುದು ನನ್ನ ಅನಿಸಿಕೆ.