ಹಣಕಾಸು ಖಾತೆಯ ಬೀಗದಕೈ

ಅಕ್ಟೋಬರ್ 26, 2024, ಶನಿವಾರ

1946ರ ಅಕ್ಟೋಬರ್ 26 ಕೂಡ ಶನಿವಾರವೇ. ಮುಸ್ಲಿಂ ಲೀಗಿನ ಐವರು ಸ್ವಾತಂತ್ರ್ಯಕ್ಕೆ ಮುಂಚಿನ ಮಧ್ಯಂತರ ಸರ್ಕಾರಕ್ಕೆ ಸೇರಿದ್ದು ಅಂದು. ಸೆಪ್ಟೆಂಬರ್ 2ರಿಂದ ಲೀಗ್ ಇಲ್ಲದೆ ನಡೆಯುತ್ತಿದ್ದ ಸರ್ಕಾರದಿಂದ ಶರತ್ ಚಂದ್ರ ಬೋಸ್, ಶಫಾತ್ ಅಹಮದ್ ಖಾನ್, ಸೈಯದ್ ಅಲಿ ಜಹೀರ್ ಹೊರಬಂದು ಜಾಗ ಮಾಡಿಕೊಟ್ಟರು. ಒಟ್ಟು 14 ಸದಸ್ಯರು: ಕಾಂಗ್ರೆಸ್ಸಿನವರು 6, ಲೀಗಿನವರು 5, ಸಿಖ್, ಕ್ರೈಸ್ತ, ಪಾರ್ಸಿ ತಲಾ ಒಬ್ಬರು.

ನೆಹರೂ ಆಗಲೇ ಪ್ರಧಾನಿ ಎಂದು ತಿಳಿದವರು ಬಹಳ. ಅಲ್ಲ. ಮಧ್ಯಂತರ ಸರ್ಕಾರವೆಂದರೆ ವೈಸ್‌ರಾಯ್ ವೇವೆಲರ ಕಾರ್ಯಕಾರಿ ಮಂಡಳಿಯೇ; ಅವರು ಅದರ ಉಪಾಧ್ಯಕ್ಷರು, ಅಷ್ಟೇ. 1935ರ ಭಾರತ ಸರ್ಕಾರ ಕಾಯ್ದೆಯ ಒಕ್ಕೂಟದ ಭಾಗ ಜಾರಿಗೇ ಬರಲಿಲ್ಲ, ಏಕೆಂದರೆ ಸಂಸ್ಥಾನಗಳು ಸಾಕಷ್ಟು ಸಂಖ್ಯೆಯಲ್ಲಿ ಸೇರಲಿಲ್ಲ. ಹಾಗಾಗಿ ಕೇಂದ್ರ ನಡೆಯುತ್ತಿದ್ದುದು 1919ರ ಕಾಯ್ದೆಯ ಹಳೆಯ ಏರ್ಪಾಟಿನ ಮೇಲೆಯೇ. ಪ್ರತಿ ಸದಸ್ಯನೂ ನೇರವಾಗಿ ವೈಸ್‌ರಾಯ್‌ಗೆ ಉತ್ತರ ಕೊಡುವವನು. ಸಂಪುಟದ ಸಾಮೂಹಿಕ ಹೊಣೆ ಎಂಬುದು ಕಾನೂನಿನಲ್ಲಿ ಇರಲೇ ಇಲ್ಲ. ಅದನ್ನು ರೂಢಿಯಿಂದ ತರಬೇಕೆಂದು ನೆಹರೂ ಅಧಿಕೃತ ಸಭೆಗೆ ಮುಂಚೆ ಸಹೋದ್ಯೋಗಿಗಳನ್ನು ಚಹಾಕ್ಕೆ ಕರೆದು ವಿಷಯ ಇತ್ಯರ್ಥ ಮಾಡಿಕೊಳ್ಳುತ್ತಿದ್ದರು. ಲೀಗಿನವರು ಆ ಚಹಾಕ್ಕೆ ಬರಲೊಪ್ಪಲಿಲ್ಲ. ಸರ್ಕಾರದಲ್ಲಿದ್ದ ತಮ್ಮ ನಾಯಕ ಲಿಯಾಖತ್ ಅಲಿ ಖಾನರ ಬಳಿ ತಮ್ಮದೇ ಸಭೆ ಸೇರುತ್ತಿದ್ದರು. ನಾಯಕನನ್ನೇ ಒಪ್ಪದವರು ಒಂದೇ ಮೇಜಿಗೆ ಕೂತರೆ ಅದನ್ನು ಸಮ್ಮಿಶ್ರ ಸರ್ಕಾರ ಎನ್ನಲು ನನಗೆ ಮನಸ್ಸಾಗದು.

ಖಾತೆ ಹಂಚಿಕೆಯಲ್ಲಿ ಲೀಗ್ ಕೇಳಿದ್ದು ಗೃಹ. ವಲ್ಲಭಭಾಯಿ ಪಟೇಲರು ಬಿಟ್ಟುಕೊಡಲಿಲ್ಲ. ಬದಲಿಗೆ ಜಾನ್ ಮಥಾಯಿಯವರ ಕೈಯಲ್ಲಿದ್ದ ಹಣಕಾಸು ಕೊಡಲು ಮುಂದಾದರು. ಲಿಯಾಖತ್ ಹಿಂಜರಿದಾಗ ಧೈರ್ಯ ತುಂಬಿದವರು ಹಣಕಾಸಿನಲ್ಲಿ ಪಳಗಿದ ಅಧಿಕಾರಿ ಚೌಧರಿ ಮುಹಮ್ಮದ್ ಅಲಿ. ಆ ಖಾತೆಯ ಬಲ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೃಹ ಇಲಾಖೆಯದಾಗಲಿ, ರೈಲ್ವೆಯದಾಗಲಿ, ಹೊಸ ಹುದ್ದೆ, ಹೊಸ ಯೋಜನೆ, ಮಂಜೂರಾತಿ ಮೀರಿದ ಖರ್ಚು ಎಂದರೆ ಕಡತ ಹಣಕಾಸಿಗೆ ಹೋಗಲೇಬೇಕು. ಅಲ್ಲಿ ತಿರಸ್ಕರಿಸುವ ಅಗತ್ಯವೂ ಇಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ವಾಪಸು ಕಳಿಸಿದರೆ ವಾರಗಳು ಕಳೆಯುತ್ತವೆ. ಬೇರೆ ಸರ್ಕಾರದಲ್ಲಾದರೆ ಇಂಥ ಜಗಳ ಬಿಡಿಸಲು ಪ್ರಧಾನಿ ಇರುತ್ತಾನೆ. ಇಲ್ಲಿ ಮೇಲೆ ಇದ್ದವರು ವೈಸ್‌ರಾಯ್ ಒಬ್ಬರೇ. ಗೃಹವನ್ನು ಉಳಿಸಿಕೊಂಡು ಹಣಕಾಸನ್ನು ಕೊಟ್ಟದ್ದು ದೊಡ್ಡ ತಪ್ಪು ಲೆಕ್ಕ ಎಂಬುದೇ ನನ್ನ ಅಭಿಪ್ರಾಯ.

1947ರ ಫೆಬ್ರವರಿ 28ರಂದು ಲಿಯಾಖತ್ ಮಂಡಿಸಿದ ಬಜೆಟ್‌ನಲ್ಲಿ ಅದರ ಪೂರ್ಣ ರೂಪ ಕಂಡಿತು. ಒಂದು ಲಕ್ಷ ರೂಪಾಯಿ ಮೀರಿದ ವ್ಯಾಪಾರಿ ಲಾಭದ ಮೇಲೆ ಶೇ. 25 ವಿಶೇಷ ತೆರಿಗೆ, ಆಸ್ತಿ ಮಾರಾಟದ ಲಾಭದ ಮೇಲೆ ತೆರಿಗೆ, ಯುದ್ಧಕಾಲದಲ್ಲಿ ಆದಾಯ ಮುಚ್ಚಿಟ್ಟವರ ಮೇಲೆ ತನಿಖಾ ಆಯೋಗ. ಕಾಂಗ್ರೆಸ್ಸಿಗೆ ಹಣದ ಬೆಂಬಲ ಕೊಟ್ಟಿದ್ದ ಉದ್ಯಮಿಗಳಿಗೇ ನೇರ ಪೆಟ್ಟು. ಆದರೆ ಸಮಾನತೆಯ ಮಾತಾಡಿದ ಪಕ್ಷ ಇದನ್ನು ಬೇಡವೆನ್ನುವುದು ಹೇಗೆ? ಲಾಭದ ತೆರಿಗೆಯನ್ನು ಕೊನೆಗೆ ಶೇ. 16⅔ಕ್ಕೆ ಇಳಿಸಿದರು. ಅದೇ ಬಜೆಟ್ ಉಪ್ಪಿನ ತೆರಿಗೆಯನ್ನು ಪೂರ್ತಿ ರದ್ದು ಮಾಡಿತು. 1930ರಲ್ಲಿ ಅಂಕೋಲಾದ ಕಡಲ ದಂಡೆಯಲ್ಲಿ ಉಪ್ಪಿನ ಕಾನೂನು ಮುರಿದವರ ಬೇಡಿಕೆ ಈಡೇರಿದ್ದು ಲೀಗಿನ ಹಣಕಾಸು ಸದಸ್ಯರ ಕೈಯಿಂದ.

ಅಷ್ಟರಲ್ಲಿ ಸರ್ಕಾರ ಒಳಗಿನಿಂದ ಒಡೆದಿತ್ತು. 1946ರ ಡಿಸೆಂಬರ್ 9ರಂದು ಸಭೆ ಸೇರಿದ ಸಂವಿಧಾನ ರಚನಾ ಸಭೆಗೆ ಲೀಗ್ ಬರಲಿಲ್ಲ. ಲೀಗಿನವರನ್ನು ಸರ್ಕಾರದಿಂದ ಬಿಡಿಸಿ ಎಂದು ಉಳಿದ ಒಂಬತ್ತು ಮಂದಿ 1947ರ ಫೆಬ್ರವರಿಯಲ್ಲಿ ವೇವೆಲರನ್ನು ಒತ್ತಾಯಿಸಿದರು. ಅದೇ ತಿಂಗಳ 20ರಂದು ಬ್ರಿಟಿಷ್ ಪ್ರಧಾನಿ ಅಟ್ಲಿ ಅಧಿಕಾರ ಬಿಡುವ ಗಡುವು ಸಾರಿದ್ದರಿಂದ ಆ ಪ್ರಶ್ನೆ ಅಲ್ಲೇ ನಿಂತಿತು. ದೇಶ ವಿಭಜನೆಯ ಜೂನ್ 3ರ ಯೋಜನೆ ಒಪ್ಪಿಗೆಯಾದ ಮೇಲೆ, ಜುಲೈ 19ರಂದು ಮಂಡಳಿಯನ್ನು ಭಾರತಕ್ಕೊಂದು, ಪಾಕಿಸ್ತಾನಕ್ಕೊಂದು ಎಂದು ಎರಡು ಗುಂಪು ಮಾಡಿದರು. ಕಚೇರಿ, ಸಾಲ, ನಗದು ಎಲ್ಲದರ ಪಾಲಿನ ಲೆಕ್ಕ ಬರೆಯಲು ಭಾರತದ ಕಡೆಯಿಂದ ಅಧಿಕಾರಿ ಎಚ್.ಎಂ. ಪಟೇಲ್ ಕೂತರು, ಎದುರಿಗೆ, ಒಂಬತ್ತು ತಿಂಗಳ ಹಿಂದೆ ಹಣಕಾಸು ತೆಗೆದುಕೊಳ್ಳಿ ಎಂದು ಲಿಯಾಖತ್‌ಗೆ ಹೇಳಿದ್ದ ಅದೇ ಚೌಧರಿ ಮುಹಮ್ಮದ್ ಅಲಿ.